ಅಟ್ಟಕ್ಕೆ ಹಾಕೋ ಮೊದಲು ಲೆಕ್ಕ ಹಾಕು: ಜಿಮ್ ಗ್ರೇ ಬದುಕು

ಈ ಸಂಚಿಕೆಗೆ ಯಾರಾದರೂ ಒಬ್ಬ ಎಂಜಿನಿಯರ್ ಬಗ್ಗೆ ಬರೀಬೇಕು ಅಂತ ನಮ್ಮ ಎಡಿಟರ್ ಅಕ್ಕ ಹೇಳಿದ್ರು. ವಿಶ್ವೇಶ್ವರಯ್ಯನವರ ಬಗ್ಗೆ ಪ್ರತಿ ಸಲ ಯಾರಾದರೂ ಬರೆದೇ ಬರೀತಾರೆ. ನಾನು ಡೇಟಾಬೇಸ್ ಪುಸ್ತಕದಲ್ಲಿ ಹೆಸರು ಬರುವ, ಆದರೆ ಪರೀಕ್ಷೆಯಲ್ಲಿ ಯಾರೂ ಕೇಳದ ಒಬ್ಬರನ್ನ ಆರಿಸಿಕೊಂಡೆ. ಅವರು ಜಿಮ್ ಗ್ರೇ. ಯಾಕೆ ಅವರೇ ಅಂತ ಹೇಳೋಕೆ ಮೊದಲು ನಮ್ಮ ಒಂದು ತಪ್ಪನ್ನ ಹೇಳಬೇಕು. (ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲೂ ತಪ್ಪಿದ್ರೆ ದಯವಿಟ್ಟು ತಿದ್ದಿ.)

ನಮ್ಮ ಮಿನಿ ಪ್ರಾಜೆಕ್ಟ್ ಹಾಸ್ಟೆಲ್‌ನ ನೀರಿನ ಟ್ಯಾಂಕ್‌ಗಳದ್ದು. ಆರು ಟ್ಯಾಂಕ್, ಒಂದೊಂದಕ್ಕೂ ಒಂದು ಸೆನ್ಸರ್, ನಿಮಿಷಕ್ಕೆ ಒಂದು ರೀಡಿಂಗ್. ಶುರು ಮಾಡಿದ್ದು ನಾವಲ್ಲ, ಸೀನಿಯರ್‌ಗಳು. ಮಳೆ, ರಜೆ, ಪರೀಕ್ಷೆ ಯಾವುದನ್ನೂ ಲೆಕ್ಕಿಸದೆ ಒಂದು ವರ್ಷ ಅದನ್ನ ನಡೆಸಿ, ಆ ಟೇಬಲ್‌ನ ನಮ್ಮ ಕೈಗೆ ಕೊಟ್ಟು ಹೋಗಿದ್ರು. ಅವರು ಅದಕ್ಕೆ ಟಿಯರ್ಡ್ ಸ್ಟೋರೇಜ್ ಹಾಕಿದ್ರು.

ಟಿಯರ್ಡ್ ಸ್ಟೋರೇಜ್ ಅಂದ್ರೆ ಮನೆಯ ಅಟ್ಟ ಇದ್ದ ಹಾಗೆ. ದಿನಾ ಬೇಕಾಗುವ ಲೋಟ ತಟ್ಟೆ ಅಡುಗೆಮನೆ ಶೆಲ್ಫ್‌ನಲ್ಲಿರುತ್ತೆ. ವರ್ಷಕ್ಕೊಮ್ಮೆ ಬೇಕಾಗುವ ದಸರಾ ಗೊಂಬೆಗಳ ಪೆಟ್ಟಿಗೆ ಅಟ್ಟದ ಮೇಲಿರುತ್ತೆ. ಹಾಗೇ ಟೇಬಲ್‌ನ ಹೊಸ ಸಾಲುಗಳು ವೇಗದ, ದುಬಾರಿ ಎಸ್‌ಎಸ್‌ಡಿಯಲ್ಲಿ ಇರ್ತವೆ. ಮೂವತ್ತು ದಿನಕ್ಕಿಂತ ಹಳೆಯವು ತಾವಾಗೇ ಕ್ಲೌಡ್‌ನ ಅಗ್ಗದ ಬಕೆಟ್‌ಗೆ ಹೋಗ್ತವೆ. ಟೇಬಲ್ ಮಾತ್ರ ಹೊರಗಿನಿಂದ ಒಂದೇ ಥರ ಕಾಣ್ಸುತ್ತೆ.

ಬೇಸಿಗೆ ಬಂತು, ನೀರು ಸಾಕಾಗಲಿಲ್ಲ. ಹೋದ ವರ್ಷ ಮಾರ್ಚ್‌ನಲ್ಲಿ ಯಾವ ಟ್ಯಾಂಕ್ ಎಷ್ಟು ಹೊತ್ತಿಗೆ ಖಾಲಿ ಆಗ್ತಿತ್ತು ಅಂತ ತೋರಿಸಿದ್ರೆ ಮೋಟಾರ್ ಹಾಕೋ ಸಮಯ ಬದಲಿಸ್ತೀವಿ ಅಂತ ವಾರ್ಡನ್ ಒಪ್ಪಿದ್ರು. ನಾವು ದಿನಕ್ಕೆ ಹತ್ತು ಸಲ ಹಳೇ ಡೇಟಾ ಕೇಳೋಕೆ ಶುರು ಮಾಡಿದ್ವಿ. ಪ್ರತಿ ಸಲ ಅಟ್ಟ ಹತ್ತಿ ಇಳಿಯೋ ಕೆಲಸ, ಅಷ್ಟು ನಿಧಾನ. ಸರಿ, ಈ ಟಿಯರಿಂಗೇ ಬೇಡ, ಆಫ್ ಮಾಡೋಣ ಅಂತ ತೀರ್ಮಾನ ಆಯ್ತು. ಗೆಳೆಯ ಪಾಲಿಸಿ ತೆಗೆದ. ಹೊಸ ಡೇಟಾ ಹೊರಗೆ ಹೋಗೋದು ನಿಂತಿದ್ದನ್ನ ನಾನು ನೋಡಿದೆ. ಆಫ್ ಆದ ಮೇಲೆ ಬಕೆಟ್‌ಗೆ ಬಾಡಿಗೆ ಯಾಕೆ ಕಟ್ಟಬೇಕು ಅಂತ ಅದನ್ನ ಡಿಲೀಟ್ ಮಾಡಿದೆ. ಮರುದಿನ ಹಳೇ ತಿಂಗಳು ಯಾವುದನ್ನ ಕೇಳಿದ್ರೂ ಎರರ್. ಹನ್ನೊಂದು ತಿಂಗಳ ರೀಡಿಂಗ್ ಹೋಗಿತ್ತು. ಬ್ಯಾಕಪ್ ಇರಲಿಲ್ಲ.

ಡಿಲೀಟ್ ಒತ್ತಿದ ಕೈ ನನ್ನದು. ನಮ್ಮ ಡಿಬಿಎಂಎಸ್ ಮೇಡಂ ಬೈಯಲಿಲ್ಲ. ಕೆಲವೇ ಪುಟದ ಒಂದು ಹಳೇ ಪೇಪರ್ ಕೊಟ್ಟು ಓದ್ಕೊಂಡು ಬಾ ಅಂದ್ರು. ಅದರ ಮೇಲೆ ಇದ್ದ ಎರಡು ಹೆಸರಲ್ಲಿ ಒಂದು ಜಿಮ್ ಗ್ರೇ.

ಕೆಮಿಸ್ಟ್ರಿಯಲ್ಲಿ ಎಡವಿದ ಹುಡುಗ

ಜೇಮ್ಸ್ ನಿಕೋಲಸ್ ಗ್ರೇ ಹುಟ್ಟಿದ್ದು 1944ರ ಜನವರಿ 12ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಮ್ಮ ಟೀಚರ್, ಅಪ್ಪ ಸೈನ್ಯದಲ್ಲಿದ್ದರು. ಅಪ್ಪನ ಕೆಲಸದಿಂದಾಗಿ ಕುಟುಂಬ ಇಟಲಿಯ ರೋಮ್‌ಗೆ ಹೋಯಿತು. ಹಾಗಾಗಿ ಮಗು ಇಂಗ್ಲಿಷ್‌ಗಿಂತ ಮೊದಲು ಮಾತಾಡಿದ್ದು ಇಟಾಲಿಯನ್. ಆಮೇಲೆ ಅಮೆರಿಕಕ್ಕೆ ವಾಪಸ್ ಬಂದರು. ಅಪ್ಪ ಅಮ್ಮ ಬೇರೆಯಾದ ಮೇಲೆ ಗ್ರೇ ಅಮ್ಮನ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳೆದರು. ಅಮ್ಮನ ಮೇಲಿನ ಈ ಪ್ರೀತಿಯನ್ನ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಅದು ಮತ್ತೆ ಬರುತ್ತೆ.

1961ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಕೆಮಿಸ್ಟ್ರಿಯಲ್ಲಿ ಬಂದ ಗ್ರೇಡ್ ನೋಡಿ ಬೇಜಾರಾಗಿ ಆರು ತಿಂಗಳು ಕಾಲೇಜನ್ನೇ ಬಿಟ್ಟಿದ್ದರು. ಹೊರಗೆ ಕೆಲಸ ಮಾಡಿ ನೋಡಿದರು, ಅದು ಇನ್ನೂ ಕಷ್ಟ ಅನ್ನಿಸಿ ವಾಪಸ್ ಬಂದರು. ಮೊದಲ ವರ್ಷದ ಕೆಮಿಸ್ಟ್ರಿ ಇನ್ನೂ ಬ್ಯಾಕ್ ಇರುವ ನಮ್ಮ ಕ್ಲಾಸಿನ ಗೆಳೆಯರು ಈ ಪ್ಯಾರಾವನ್ನ ಮನೆಗೆ ಫಾರ್ವರ್ಡ್ ಮಾಡಬಹುದು.

1966ರಲ್ಲಿ ಡಿಗ್ರಿ ಮುಗಿಯಿತು. ಒಂದು ವರ್ಷ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿದ್ದು ಮತ್ತೆ ಬರ್ಕ್ಲಿಗೆ ಬಂದು 1969ರಲ್ಲಿ ಪಿಎಚ್‌ಡಿ ಮುಗಿಸಿದರು. ಆಗ ಕಂಪ್ಯೂಟರ್ ಸೈನ್ಸ್ ಅನ್ನೋ ವಿಭಾಗವೇ ಅಲ್ಲಿ ಹೊಸದು. ಆ ವಿಭಾಗದಿಂದ ಪಿಎಚ್‌ಡಿ ಪಡೆದ ಮೊದಲಿಗರು ಇವರೇ.

ಆಯ್ತು ಅಥವಾ ಆಗಲಿಲ್ಲ

ಎಪ್ಪತ್ತರ ದಶಕದಲ್ಲಿ ಗ್ರೇ ಸ್ಯಾನ್ ಹೊಸೆಯ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದರು. ಅದೇ ಕೇಂದ್ರದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾಡೆಲ್ ಬಗ್ಗೆ ಪೇಪರ್ ಬರೆದಿದ್ದರು. ನಾವು ಇವತ್ತು ಲ್ಯಾಬ್‌ನಲ್ಲಿ ಟೇಬಲ್, ರೋ, ಕಾಲಂ ಅಂತ ಬರೆಯೋದೆಲ್ಲ ಅಲ್ಲಿಂದ ಬಂದದ್ದು. ಆದರೆ ಪೇಪರ್‌ನಲ್ಲಿ ಚೆನ್ನಾಗಿರೋದು ಮಷೀನ್‌ನಲ್ಲಿ ನಡೆಯುತ್ತಾ? ಅದನ್ನ ಮಾಡಿ ತೋರಿಸೋಕೆ ಶುರುವಾದದ್ದು ಸಿಸ್ಟಮ್ ಆರ್ ಎಂಬ ಪ್ರಾಜೆಕ್ಟ್. ನಮ್ಮ ಎಸ್‌ಕ್ಯೂಎಲ್ ಹುಟ್ಟಿದ್ದೂ ಅಲ್ಲೇ.

ಗ್ರೇ ಕೈಗೆ ಬಂದದ್ದು ತುಂಬ ಜನಕ್ಕೆ ಕಣ್ಣಿಗೆ ಕಾಣದ ಕೆಲಸ. ಒಂದೇ ಟೇಬಲ್‌ನ ನೂರು ಜನ ಒಟ್ಟಿಗೆ ಬದಲಾಯಿಸಿದ್ರೆ ಏನಾಗುತ್ತೆ? ಅರ್ಧ ಬರೆಯುವಾಗ ಕರೆಂಟ್ ಹೋದ್ರೆ ಏನಾಗುತ್ತೆ?

ಕ್ಯಾಂಟೀನ್‌ನಲ್ಲಿ ನೀವು ಫೋನ್‌ನಿಂದ ಹತ್ತು ರೂಪಾಯಿ ಕಳಿಸಿದ್ರಿ ಅಂತ ಇಟ್ಕೊಳ್ಳಿ. ನಿಮ್ಮ ಅಕೌಂಟ್‌ನಿಂದ ಹತ್ತು ಕಡಿಮೆ ಆಗಬೇಕು, ಕ್ಯಾಂಟೀನ್ ಅಣ್ಣನ ಅಕೌಂಟ್‌ಗೆ ಹತ್ತು ಸೇರಬೇಕು. ಮೊದಲನೇದು ಆಗಿ ಎರಡನೇದು ಆಗದೆ ಮಷೀನ್ ನಿಂತುಹೋದ್ರೆ ಆ ಹತ್ತು ರೂಪಾಯಿ ಎಲ್ಲೂ ಇಲ್ಲ. ಈ ಎರಡು ಕೆಲಸವನ್ನ ಒಂದೇ ಗಂಟಾಗಿ ಕಟ್ಟಬೇಕು. ಪೂರ್ತಿ ಆಗಬೇಕು, ಇಲ್ಲ ಏನೂ ಆಗದ ಹಾಗೆ ವಾಪಸ್ ಹೋಗಬೇಕು. ಇದೇ ಟ್ರಾನ್ಸಾಕ್ಷನ್. ಮಾತಿನಲ್ಲಿ ಸುಲಭ. ಇದಕ್ಕೆ ಗಟ್ಟಿ ಅರ್ಥ ಕೊಟ್ಟು, ನಿಜವಾದ ಸಿಸ್ಟಮ್‌ನಲ್ಲಿ ಕೂರಿಸಿದವರಲ್ಲಿ ಗ್ರೇ ಮುಖ್ಯರು. ಏನು ಮಾಡ್ತೀವಿ ಅಂತ ಮೊದಲು ಲಾಗ್‌ನಲ್ಲಿ ಬರೆದಿಟ್ಟು, ಆಮೇಲೆ ಮಾಡೋದು. ಮಧ್ಯದಲ್ಲಿ ಬಿದ್ದರೆ, ಎದ್ದ ಮೇಲೆ ಲಾಗ್ ಓದಿ ಸರಿಮಾಡೋದು.

ಲಾಕ್‌ಗಳ ವಿಷಯವೂ ಹಾಗೇ. ಒಬ್ಬ ಹುಡುಗ ಬಟ್ಟೆ ಬದಲಾಯಿಸ್ತಾನೆ ಅಂತ ಇಡೀ ಹಾಸ್ಟೆಲ್‌ಗೆ ಬೀಗ ಹಾಕೋದು ಬೇಡ, ಅವನ ರೂಮಿಗೆ ಹಾಕಿದ್ರೆ ಸಾಕು. ಆದರೆ ಇಡೀ ಹಾಸ್ಟೆಲ್‌ಗೆ ಪೇಂಟ್ ಹೊಡೆಯೋದಾದ್ರೆ ಮುನ್ನೂರು ಬೀಗ ಹಿಡ್ಕೊಂಡು ಓಡಾಡೋದೂ ದಂಡ. ಯಾವಾಗ ದೊಡ್ಡ ಬೀಗ, ಯಾವಾಗ ಸಣ್ಣ ಬೀಗ, ಎರಡೂ ಒಟ್ಟಿಗೆ ಹೇಗೆ ಇರಬೇಕು ಅನ್ನೋದನ್ನ ಗ್ರೇ ಮತ್ತು ಅವರ ಐಬಿಎಂ ಗೆಳೆಯರು 1970ರ ದಶಕದ ನಡುವೆ ಬಿಡಿಸಿ ಬರೆದರು. ಇವತ್ತಿನ ಡೇಟಾಬೇಸ್‌ಗಳಲ್ಲೂ ಆ ವಿಚಾರ ಹಾಗೇ ಕೂತಿದೆ.

ಕಂಪ್ಯೂಟರ್ ಯಾಕೆ ನಿಲ್ಲುತ್ತೆ?

1980ರಲ್ಲಿ ಗ್ರೇ ಐಬಿಎಂ ಬಿಟ್ಟು ಟ್ಯಾಂಡೆಮ್ ಕಂಪ್ಯೂಟರ್ಸ್ ಸೇರಿದರು. ಬ್ಯಾಂಕ್‌ಗಳಂಥ ಕಡೆ ಯಾವತ್ತೂ ನಿಲ್ಲಬಾರದ ಮಷೀನ್ ಮಾಡುವ ಕಂಪನಿ ಅದು. ಒಂದು ಭಾಗ ಕೆಟ್ಟರೆ ಜೊತೆಯಲ್ಲಿರುವ ಇನ್ನೊಂದು ಭಾಗ ಕೆಲಸ ಮುಂದುವರಿಸುತ್ತೆ.

ಹಾಗಿದ್ದೂ ಕೆಲವು ಮಷೀನ್ ನಿಲ್ಲುತ್ತಿದ್ದವು. ಗ್ರೇ ಕೂತು ಊಹೆ ಮಾಡಲಿಲ್ಲ. ನಿಂತ ಪ್ರಸಂಗಗಳ ವರದಿಗಳನ್ನ ತಗೊಂಡು ಎಣಿಸಿದರು. 1985ರಲ್ಲಿ ಬಂದ ಆ ವರದಿಯಲ್ಲಿ ಹಾರ್ಡ್‌ವೇರ್ ಮೊದಲ ಸ್ಥಾನದಲ್ಲಿ ಇರಲಿಲ್ಲ. ಶೇಕಡಾ 42ರಷ್ಟು, ಅಂದರೆ ಎಲ್ಲಕ್ಕಿಂತ ದೊಡ್ಡ ಪಾಲು, ಸಿಸ್ಟಮ್ ನೋಡಿಕೊಳ್ಳುವ ಕೆಲಸದ್ದು. ಆಪರೇಟರ್ ಒತ್ತಿದ ತಪ್ಪು ಕಮಾಂಡ್, ಸೆಟ್ಟಿಂಗ್ ಬದಲಾಯಿಸಿದ್ದು, ರಿಪೇರಿ ಮಾಡುವಾಗ ಆದದ್ದು ಇಂಥವು. ಅದಕ್ಕೆ ಅವರು ಆಪರೇಟರ್‌ನ ಬೈಯಲಿಲ್ಲ. ಮನುಷ್ಯ ಕೈ ಹಾಕಬೇಕಾದ ಜಾಗಗಳನ್ನೇ ಕಡಿಮೆ ಮಾಡಿ, ಮಷೀನ್ ತಾನೇ ನೋಡಿಕೊಳ್ಳೋ ಹಾಗೆ ಮಾಡಿ ಅನ್ನೋದು ಅವರ ಸಲಹೆ. ಇದನ್ನ ಓದಿದಾಗ ನನಗೆ ನಮ್ಮ ಬಕೆಟ್ ನೆನಪಾಯ್ತು. ನಮ್ಮ ಯಾವ ಡಿಸ್ಕೂ ಕೆಟ್ಟಿರಲಿಲ್ಲ. ಸೆಟ್ಟಿಂಗ್ ಬದಲಾಯಿಸಿದವರು ನಾವು.

ಐದು ನಿಮಿಷದ ಲೆಕ್ಕ

ಈಗ ಮೇಡಂ ಕೊಟ್ಟ ಪೇಪರ್‌ಗೆ ಬರೋಣ. 1987ರಲ್ಲಿ ಗ್ರೇ ಮತ್ತು ಜಿಯಾನ್‌ಫ್ರಾಂಕೊ ಪುಟ್ಜೊಲು ಸೇರಿ ಪ್ರಕಟಿಸಿದ್ದು. ಪ್ರಶ್ನೆ ಒಂದೇ: ಯಾವ ಡೇಟಾ ಮೆಮೊರಿಯಲ್ಲಿರಬೇಕು, ಯಾವುದು ಡಿಸ್ಕ್‌ನಲ್ಲಿರಬೇಕು? ಯಾವುದು ಶೆಲ್ಫ್‌ಗೆ, ಯಾವುದು ಅಟ್ಟಕ್ಕೆ?

ಇಂಥ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಅಂದಾಜಿನಲ್ಲಿ ಉತ್ತರ ಕೊಡ್ತೀವಿ. ಹಳೇದು ಅಟ್ಟಕ್ಕೆ, ಹೊಸದು ಶೆಲ್ಫ್‌ಗೆ. ಗ್ರೇ ಮತ್ತು ಪುಟ್ಜೊಲು ಅಂಗಡಿಯವರ ಥರ ದುಡ್ಡಿನಲ್ಲಿ ಲೆಕ್ಕ ಹಾಕಿದರು. ಲೆಕ್ಕ ಎಷ್ಟು ಸರಳ ಅಂದ್ರೆ ಕ್ಯಾಲ್ಕುಲೇಟರ್ ಕೂಡ ಬೇಡ.

ಆಗಿನ ಒಂದು ಡಿಸ್ಕ್, ಅದರ ಕಂಟ್ರೋಲರ್‌ನ ಪಾಲೂ ಸೇರಿ, ಸುಮಾರು 15,000 ಡಾಲರ್. ಅದು ಸೆಕೆಂಡಿಗೆ ಸುಮಾರು 15 ಸಲ ಎಲ್ಲಿ ಬೇಕಾದರೂ ಹೋಗಿ ಓದಬಲ್ಲದು. ಅಂದರೆ ಸೆಕೆಂಡಿಗೆ ಒಂದು ಸಲ ಓದುವ ಸಾಮರ್ಥ್ಯಕ್ಕೆ 1,000 ಡಾಲರ್. ಅದಕ್ಕೆ ಬೇಕಾಗುವ ಸಿಪಿಯು ಮತ್ತು ಚಾನೆಲ್ ಖರ್ಚು ಇನ್ನೊಂದು 1,000. ಒಟ್ಟು 2,000 ಡಾಲರ್.

ಇನ್ನೊಂದು ಕಡೆ, ಒಂದು ಮೆಗಾಬೈಟ್ ಮೆಮೊರಿಗೆ ಆಗ ಸುಮಾರು 5,000 ಡಾಲರ್. (ಹೌದು, ಒಂದು ಮೆಗಾಬೈಟ್! ಈಗ ಅದರಲ್ಲಿ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಹಿಡಿಯಲ್ಲ.) ಅಂದರೆ ಒಂದು ಕಿಲೋಬೈಟ್‌ಗೆ 5 ಡಾಲರ್.

ಈಗ ಒಂದು ಕಿಲೋಬೈಟ್‌ನ ಒಂದು ರೆಕಾರ್ಡ್ ಇದೆ. ಅದನ್ನ ಸೆಕೆಂಡಿಗೊಮ್ಮೆ ಕೇಳ್ತೀವಿ ಅಂದ್ರೆ, ಡಿಸ್ಕ್‌ನಲ್ಲಿಟ್ಟರೆ 2,000 ಡಾಲರ್ ಸಾಮರ್ಥ್ಯ ಅದಕ್ಕೇ ಹೋಗುತ್ತೆ. ಮೆಮೊರಿಯಲ್ಲಿಟ್ಟರೆ ಬರೀ 5 ಡಾಲರ್. ಯೋಚನೆಯೇ ಬೇಡ, ಮೆಮೊರಿ. ಹತ್ತು ಸೆಕೆಂಡಿಗೊಮ್ಮೆ ಕೇಳಿದರೆ ಡಿಸ್ಕ್ ಖರ್ಚು 200. ಆಗಲೂ ಮೆಮೊರಿಯೇ ಅಗ್ಗ. ಹೀಗೇ ಇಳಿಸ್ತಾ ಹೋದರೆ ಎರಡೂ ಸಮ ಆಗೋದು ಎಲ್ಲಿ? 2,000ವನ್ನ 5ರಿಂದ ಭಾಗಿಸಿ. 400 ಸೆಕೆಂಡ್. ಸುಮಾರಾಗಿ ಐದು ನಿಮಿಷ ಅಂತ ಹೆಸರಿಟ್ಟರು. ಐದು ನಿಮಿಷದೊಳಗೆ ಮತ್ತೆ ಬೇಕಾಗುವುದನ್ನ ಮೆಮೊರಿಯಲ್ಲಿಡು, ಅದಕ್ಕಿಂತ ಅಪರೂಪಕ್ಕೆ ಬೇಕಾಗುವುದನ್ನ ಡಿಸ್ಕ್‌ಗೆ ಕಳಿಸು. ಇದೇ ಐದು ನಿಮಿಷದ ನಿಯಮ.

ಗಮನಿಸಿ, ಈ ಲೆಕ್ಕದಲ್ಲಿ ಡೇಟಾದ ವಯಸ್ಸು ಎಲ್ಲೂ ಬರಲ್ಲ. ಎಷ್ಟು ಸಲ ಕೇಳ್ತೀರಿ, ಎಷ್ಟು ದೊಡ್ಡದು, ಇಡೋಕೆ ಎಷ್ಟು, ತರೋಕೆ ಎಷ್ಟು ಅನ್ನೋದು ಮಾತ್ರ ಬರುತ್ತೆ. ಹೋದ ವರ್ಷದ ಮಾರ್ಚ್ ನಮಗೆ ಹಳೇ ಡೇಟಾ. ಆದರೆ ಈ ಬೇಸಿಗೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದ್ದು ಅದನ್ನೇ. ದಸರಾ ವಾರದಲ್ಲಿ ಗೊಂಬೆ ಪೆಟ್ಟಿಗೆನ ಯಾರೂ ಅಟ್ಟದ ಮೇಲೆ ಇಟ್ಕೊಳ್ಳಲ್ಲ ಅಲ್ವಾ?

ಗ್ರೇ ಬಗ್ಗೆ ನನಗೆ ತುಂಬ ಇಷ್ಟವಾದದ್ದು ಇದು: ಅವರು ತಮ್ಮ ನಿಯಮವನ್ನ ಶಾಸನ ಅಂತ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಬೆಲೆ ಬದಲಾದರೆ ಉತ್ತರ ಬದಲಾಗುತ್ತೆ ಅಂತ ಅವರಿಗೇ ಗೊತ್ತಿತ್ತು. ಹತ್ತು ವರ್ಷ ಆದ ಮೇಲೆ, 1997ರಲ್ಲಿ, ಗೋಟ್ಜ್ ಗ್ರೇಫ ಜೊತೆ ಕೂತು ಹೊಸ ಬೆಲೆಗಳನ್ನ ಹಾಕಿ ಅದೇ ಲೆಕ್ಕವನ್ನ ಮತ್ತೆ ಮಾಡಿದರು. ಮೆಮೊರಿ ಪಾತಾಳಕ್ಕೆ ಇಳಿದಿತ್ತು, ಡಿಸ್ಕ್ ಅಗ್ಗ ಆಗಿತ್ತು, ಒಂದು ಸಲಕ್ಕೆ ಓದುವ ಪೇಜ್‌ನ ಗಾತ್ರ ದೊಡ್ಡದಾಗಿತ್ತು. ಎಲ್ಲ ಸೇರಿ ಅಲ್ಲಲ್ಲಿ ಹಾರಿ ಓದುವ ಪೇಜ್‌ಗಳಿಗೆ ಉತ್ತರ ಮತ್ತೆ ಐದು ನಿಮಿಷದ ಹತ್ತಿರವೇ ಬಂತು. ಸಾಲಾಗಿ ಓದುವ ಕೆಲಸಕ್ಕೆ ಮಾತ್ರ ಒಂದು ನಿಮಿಷ ಅಂತ ಬಂತು. ಫ್ಲ್ಯಾಶ್ ಬಂದ ಮೇಲೆ 2007ರಲ್ಲಿ ಗ್ರೇಫ ಮೂರನೇ ಸಲ ಲೆಕ್ಕ ಹಾಕಿದರು. ಆಗ ಗ್ರೇ ಇರಲಿಲ್ಲ.

ಎಲ್ಲವನ್ನೂ ಅಟ್ಟದಿಂದ ಇಳಿಸಿದವರು

1990ರಲ್ಲಿ ಗ್ರೇ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಹೋದರು, 1995ರಲ್ಲಿ ಮೈಕ್ರೋಸಾಫ್ಟ್‌ಗೆ. ನಡುವೆ ಆಂಡ್ರಿಯಾಸ್ ರಾಯ್ಟರ್ ಜೊತೆ ಟ್ರಾನ್ಸಾಕ್ಷನ್ ಬಗ್ಗೆ ಸಾವಿರ ಪುಟದಷ್ಟು ದೊಡ್ಡ ಪುಸ್ತಕ ಬರೆದರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ನಮ್ಮ ಫೀಲ್ಡ್‌ನಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಅಷ್ಟು ಹೊತ್ತಿಗೆ ಅವರ ತಲೆಯಲ್ಲಿ ಬೇರೆ ಹುಳ ಕೊರೀತಿತ್ತು. ದೊಡ್ಡ ದೊಡ್ಡ ಡೇಟಾ ಎಲ್ಲ ಆಗ ಟೇಪ್‌ಗಳಲ್ಲಿ ಇರ್ತಿತ್ತು. ಟೇಪ್ ಅಗ್ಗ. ಆದರೆ ಬೇಕಾದಾಗ ಹುಡುಕಿ, ಹಾಕಿ, ಸುತ್ತಿಸಿ ತರಬೇಕು. ಯಾರೂ ತರಲ್ಲ. ಅಟ್ಟಕ್ಕೆ ಹೋದದ್ದು ಅಲ್ಲೇ ಧೂಳು ಹಿಡೀತಿತ್ತು. ಡಿಸ್ಕ್ ಇಷ್ಟು ಅಗ್ಗವಾಗ್ತಿರುವಾಗ ಇನ್ನೂ ಯಾಕೆ ಅಟ್ಟ ಅನ್ನೋದು ಗ್ರೇ ಪ್ರಶ್ನೆ.

ಮಾಡಿ ತೋರಿಸಿದ್ದು ಟೆರಾಸರ್ವರ್. ಅಮೆರಿಕದ ಭೂವಿಜ್ಞಾನ ಸಂಸ್ಥೆಯವರು ವಿಮಾನದಿಂದ ತೆಗೆದ ಫೋಟೋಗಳು, ರಷ್ಯಾದ ಉಪಗ್ರಹದ ಫೋಟೋಗಳು, ಎಲ್ಲವನ್ನೂ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಡೇಟಾಬೇಸ್‌ನಲ್ಲಿಟ್ಟು 1998ರಲ್ಲಿ ಇಂಟರ್‌ನೆಟ್‌ಗೆ ಬಿಟ್ಟರು. ಯಾರು ಬೇಕಾದರೂ ಮನೆಯಲ್ಲಿ ಕೂತು ಮೇಲಿನಿಂದ ಊರು ನೋಡಬಹುದಿತ್ತು. ಗೂಗಲ್ ಮ್ಯಾಪ್ಸ್ ಬಂದದ್ದು ಇದಾಗಿ ಏಳು ವರ್ಷಕ್ಕೆ, 2005ರಲ್ಲಿ.

ಆಮೇಲೆ ಆಕಾಶ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಅಲೆಕ್ಸ್ ಸಾಲೈ ಅವರ ಜೊತೆ ಸೇರಿ, ನ್ಯೂ ಮೆಕ್ಸಿಕೊದ ಒಂದು ದೂರದರ್ಶಕ ಆಕಾಶವನ್ನ ಅಳೆಯುತ್ತಿದ್ದ ಸ್ಲೋನ್ ಸಮೀಕ್ಷೆಯ ಡೇಟಾವನ್ನ ಎಸ್‌ಕ್ಯೂಎಲ್ ಟೇಬಲ್‌ಗಳಲ್ಲಿ ಕೂರಿಸಿದರು. ಶುರುವಿನಲ್ಲಿ ಗ್ರೇ ಖಗೋಳದವರಿಗೆ ಕೇಳಿದ್ದು ಒಂದೇ: ನೀವು ಈ ಡೇಟಾಕ್ಕೆ ಕೇಳಬೇಕು ಅಂತಿರುವ ಇಪ್ಪತ್ತು ಪ್ರಶ್ನೆ ಬರೆದು ಕೊಡಿ. ಆ ಇಪ್ಪತ್ತಕ್ಕೆ ಬೇಗ ಉತ್ತರ ಬರುವ ಹಾಗೆ ಟೇಬಲ್‌ಗಳನ್ನ ಕಟ್ಟಿದರು. ಪ್ರಶ್ನೆ ಮೊದಲು, ಟೇಬಲ್ ಆಮೇಲೆ. 2001ರಲ್ಲಿ ಸ್ಕೈಸರ್ವರ್ ಎಲ್ಲರಿಗೂ ತೆರೆಯಿತು. ಶಾಲೆಯ ಮಕ್ಕಳೂ ನಿಜವಾದ ಗೆಲಾಕ್ಸಿಗಳ ಡೇಟಾ ನೋಡಬಹುದಾಯ್ತು.

ಡೇಟಾವನ್ನ ಒಂದು ಊರಿಂದ ಇನ್ನೊಂದು ಊರಿಗೆ ಕಳಿಸೋಕೂ ಅವರು ಇದೇ ಥರ ಲೆಕ್ಕ ಹಾಕಿದರು. ನೆಟ್‌ವರ್ಕ್‌ನಲ್ಲಿ ಕಳಿಸಿದರೆ ಇಷ್ಟು ದಿನ, ಇಷ್ಟು ದುಡ್ಡು. ಡಿಸ್ಕ್ ತುಂಬಿದ ಇಡೀ ಕಂಪ್ಯೂಟರನ್ನೇ ಪೆಟ್ಟಿಗೆಗೆ ಹಾಕಿ ಕೊರಿಯರ್ ಮಾಡಿದರೆ ಅದಕ್ಕಿಂತ ಬೇಗ, ಅದಕ್ಕಿಂತ ಅಗ್ಗ. ಹಾಗಾದರೆ ಕೊರಿಯರ್! ಟ್ಯೂರಿಂಗ್ ಪ್ರಶಸ್ತಿ ಬಂದವರು ಕೊರಿಯರ್ ಖರ್ಚನ್ನ ಕೂತು ಲೆಕ್ಕ ಹಾಕಿದ್ದು ನೆನೆಸಿಕೊಂಡರೆ ನನಗೆ ನಮ್ಮ ಅಜ್ಜ ನೆನಪಾಗ್ತಾರೆ. ಅವರೂ ಹೀಗೇ, ಬಸ್ಸಾ ಆಟೋನಾ ಅಂತ ಲೆಕ್ಕ ಮಾಡದೆ ಮನೆ ಬಿಡ್ತಿರಲಿಲ್ಲ.

ಅವರ ಜೊತೆ ಕೆಲಸ ಮಾಡಿದವರು ಇನ್ನೊಂದು ಮಾತು ತಪ್ಪದೆ ಹೇಳ್ತಾರೆ. ಹೊಸಬರಿಗೆ, ವಿದ್ಯಾರ್ಥಿಗಳಿಗೆ ಗ್ರೇ ತಮ್ಮ ಸಮಯವನ್ನ ಧಾರಾಳವಾಗಿ ಕೊಡ್ತಿದ್ದರು.

ಸಮುದ್ರ

2007ರ ಜನವರಿ 28, ಭಾನುವಾರ. ಅಮ್ಮ ತೀರಿಕೊಂಡಿದ್ದರು. ಅವರ ಚಿತಾಭಸ್ಮವನ್ನ ಸಮುದ್ರದಲ್ಲಿ ಬಿಡೋಕೆ ಗ್ರೇ ತಮ್ಮ ನಲವತ್ತು ಅಡಿಯ ಹಾಯಿದೋಣಿ ಟಿನೇಶಿಯಸ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಒಬ್ಬರೇ ಹೊರಟರು. ಹೋಗಬೇಕಿದ್ದದ್ದು ಹತ್ತಿರದ ಫ್ಯಾರಲೋನ್ ದ್ವೀಪಗಳ ಕಡೆಗೆ. ಹವಾಮಾನ ಚೆನ್ನಾಗಿತ್ತು. ಅವರಿಗೆ ದೋಣಿ ಹೊಸದಲ್ಲ. ಸಂಜೆ ವಾಪಸ್ ಬರಲಿಲ್ಲ. ಅಪಾಯದ ಕರೆ ಬರಲಿಲ್ಲ. ದೋಣಿಯ ತುರ್ತು ಸಂಕೇತವೂ ಬರಲಿಲ್ಲ.

ಕೋಸ್ಟ್ ಗಾರ್ಡ್ ದಿನಗಟ್ಟಲೆ ಹುಡುಕಿ ಫೆಬ್ರವರಿ 1ರಂದು ನಿಲ್ಲಿಸಿತು. ಆಮೇಲೆ ಗೆಳೆಯರು ಶುರು ಮಾಡಿದರು. ಉಪಗ್ರಹದಿಂದ ಆ ಸಮುದ್ರದ ಫೋಟೋ ತೆಗೆಸಿದರು. ಅವನ್ನ ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ ಅಮೆಜಾನ್‌ನ ಮೆಕ್ಯಾನಿಕಲ್ ಟರ್ಕ್‌ಗೆ ಹಾಕಿದರು. ಸಾವಿರಾರು ಜನ ಸ್ವಯಂಸೇವಕರು ಮನೆಯಿಂದಲೇ ಒಂದೊಂದು ತುಣುಕು ನೋಡಿ, ದೋಣಿಯಂತೆ ಏನಾದರೂ ಕಾಣುತ್ತಾ ಅಂತ ಗುರುತು ಹಾಕಿದರು. ಟೆರಾಸರ್ವರ್‌ನಲ್ಲಿ ಅವರು ಭೂಮಿಯನ್ನ ಚೌಕಗಳಾಗಿ ಕತ್ತರಿಸಿ ಎಲ್ಲರಿಗೂ ಕೊಟ್ಟಿದ್ದರು. ಈಗ ಅವರನ್ನ ಹುಡುಕೋಕೆ ಸಮುದ್ರವನ್ನ ಹಾಗೇ ಕತ್ತರಿಸಿದರು. ಸಿಗಲಿಲ್ಲ. ಆ ಹುಡುಕಾಟ ಫೆಬ್ರವರಿ 16ಕ್ಕೆ ನಿಂತಿತು. ಕುಟುಂಬದವರು ನೀರಿನ ಅಡಿಯಲ್ಲೂ ಹುಡುಕಿಸಿದರು, ಅದೂ ಮೇ ಕೊನೆಗೆ ನಿಂತಿತು. ದೋಣಿಯ ಒಂದು ಚೂರೂ ಸಿಗಲಿಲ್ಲ.

ಪ್ರತಿ ಕೆಲಸವೂ ಆಯ್ತು ಅಥವಾ ಆಗಲಿಲ್ಲ ಅಂತ ಮುಗಿಯಬೇಕು ಅಂತ ಜೀವನ ಪೂರ್ತಿ ದುಡಿದವರು ಗ್ರೇ. ಅವರ ಮನೆಯವರಿಗೆ ಮಾತ್ರ ಐದು ವರ್ಷ ಇದ್ದಾರೆ ಅಂತಲೂ ಹೇಳೋಕಾಗಲಿಲ್ಲ, ಇಲ್ಲ ಅಂತಲೂ ಹೇಳೋಕಾಗಲಿಲ್ಲ. 2012ರಲ್ಲಿ ಕೋರ್ಟ್ ಅವರು ತೀರಿಕೊಂಡರು ಅಂತ ಘೋಷಿಸಿತು. ಕಾನೂನಿನ ಪ್ರಕಾರ ದಿನಾಂಕ 2012ರ ಜನವರಿ 28.

ನನಗೀಗ ಹತ್ತೊಂಬತ್ತು. ಅವರು ದೋಣಿ ಹತ್ತಿದಾಗ ನಾನಿನ್ನೂ ಹುಟ್ಟಿರಲಿಲ್ಲ.

ಮತ್ತೆ ನಮ್ಮ ಟೇಬಲ್

ಪೇಪರ್ ಓದಿದ ಮೇಲೆ ಮೇಡಂ ಕೇಳಿದ ಪ್ರಶ್ನೆ: ನಿಮ್ಮ ಟೇಬಲ್ ಎಷ್ಟು ದೊಡ್ಡದು? ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲೇ ಲೆಕ್ಕ ಹಾಕಿಸಿದರು. ದಿನಕ್ಕೆ 1,440 ನಿಮಿಷ, ವರ್ಷಕ್ಕೆ 5,25,600. ಆರು ಟ್ಯಾಂಕ್‌ಗೆ 31,53,600 ಸಾಲು. ಒಂದು ಸಾಲಿಗೆ 40 ಬೈಟ್ ಅಂತ ಹಿಡಿದರೂ ಒಟ್ಟು ಸುಮಾರು 126 ಮೆಗಾಬೈಟ್. ಇಂಡೆಕ್ಸ್ ಎಲ್ಲ ಸೇರಿ ಅದರ ಎರಡು ಮೂರು ಪಟ್ಟು ಇರಲಿ. ನಮ್ಮೆಲ್ಲರ ಫೋನ್‌ನಲ್ಲಿ ಇರೋ ಒಂದು ಸಿನಿಮಾ ಇದಕ್ಕಿಂತ ದೊಡ್ಡದು. ಈ ಟೇಬಲ್‌ಗೆ ಅಟ್ಟವೇ ಬೇಕಿರಲಿಲ್ಲ! ಸೀನಿಯರ್‌ಗಳು ಅದನ್ನ ಆನ್ ಮಾಡುವಾಗ ಲೆಕ್ಕ ಹಾಕಲಿಲ್ಲ, ನಾವು ಆಫ್ ಮಾಡುವಾಗಲೂ ಹಾಕಲಿಲ್ಲ. ಆಫ್ ಮಾಡಬೇಕು ಅನ್ನೋ ತೀರ್ಮಾನ ಸರಿಯೇ ಇತ್ತು, ಮಾಡಿದ ರೀತಿ ತಪ್ಪು.

ನಿಮಗೂ ಯಾವತ್ತಾದರೂ ಒಂದು ಟೇಬಲ್‌ನ ಟಿಯರ್ಡ್ ಸ್ಟೋರೇಜ್ ಆಫ್ ಮಾಡುವ ಕೆಲಸ ಬಂದರೆ, ನಾವು ಈಗ ಕಲಿತ ಕ್ರಮ ಹೀಗಿದೆ.

ಮೊದಲು ಲೆಕ್ಕ. ಹಳೇ ಭಾಗ ಎಷ್ಟಿದೆ, ಅದೆಲ್ಲ ವಾಪಸ್ ಬಂದರೆ ವೇಗದ ಡಿಸ್ಕ್‌ನಲ್ಲಿ ಜಾಗ ಇದೆಯಾ, ತಿಂಗಳಿಗೆ ಖರ್ಚು ಎಷ್ಟು ಹೆಚ್ಚುತ್ತೆ ನೋಡಿ. ಆಮೇಲೆ ಒಂದು ಬ್ಯಾಕಪ್. ಆಮೇಲೆ ಪಾಲಿಸಿ ತೆಗೆಯಿರಿ. ಇಲ್ಲೇ ನಾವು ಎಡವಿದ್ದು. ಪಾಲಿಸಿ ತೆಗೆದರೆ ಇನ್ನು ಮುಂದೆ ಯಾವುದೂ ಅಟ್ಟಕ್ಕೆ ಹೋಗಲ್ಲ, ಅಷ್ಟೇ. ಆಗಲೇ ಹೋದದ್ದು ಎಷ್ಟೋ ಸಿಸ್ಟಮ್‌ಗಳಲ್ಲಿ ತಾನಾಗಿ ಇಳಿದು ಬರಲ್ಲ. ನಾವೇ ಇಳಿಸಬೇಕು. ತಾನಾಗಿ ಇಳಿಸುವ ಸಿಸ್ಟಮ್‌ಗಳಲ್ಲೂ ಅದು ಹಿಂದಿನಿಂದ ನಿಧಾನಕ್ಕೆ ನಡೆಯುತ್ತೆ, ಒತ್ತಿದ ತಕ್ಷಣ ಅಲ್ಲ. ಒಂದೊಂದೇ ತಿಂಗಳು ಇಳಿಸಿ, ಇಳಿಸುವ ಮೊದಲು ಮತ್ತು ಆಮೇಲೆ ಸಾಲುಗಳನ್ನ ಎಣಿಸಿ, ಎರಡೂ ಸಮ ಇದೆ ಅಂತ ಬರೆದಿಡಿ. ಎಲ್ಲ ಬಂದ ಮೇಲೆ ಟಿಯರಿಂಗ್ ಪೂರ್ತಿ ಆಫ್. ಬಕೆಟ್ ಡಿಲೀಟ್ ಮಾಡೋದು ಎಲ್ಲಕ್ಕಿಂತ ಕೊನೆಗೆ, ಅದೂ ಒಂದು ವಾರ ಬಿಟ್ಟು, ಇಬ್ಬರು ಒಟ್ಟಿಗೆ ಕೂತು.

ಸೀನಿಯರ್‌ಗಳಿಗೆ ಫೋನ್ ಮಾಡಿ ನಿಜ ಹೇಳಿದೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಣ್ಣ ತಮ್ಮ ಹಳೇ ಲ್ಯಾಪ್‌ಟಾಪ್ ಹುಡುಕಿ ಮಾರ್ಚ್ ತಿಂಗಳದ್ದೊಂದು ಸಿಎಸ್‌ವಿ ಫೈಲ್ ಕಳಿಸಿದರು. ರಿಪೋರ್ಟ್‌ಗೆ ಅಂತ ತೆಗೆದಿಟ್ಟಿದ್ದಂತೆ. ಅದನ್ನ ತೋರಿಸಿ ಮೋಟಾರ್ ಸಮಯ ಬದಲಾಯಿಸಿಕೊಂಡ್ವಿ. ಉಳಿದ ಹತ್ತು ತಿಂಗಳು ಹೋದದ್ದು ಹೋಯ್ತು.

ಈಗ ಟೇಬಲ್ ಪೂರ್ತಿ ಒಂದೇ ಎಸ್‌ಎಸ್‌ಡಿಯಲ್ಲಿದೆ, ಪ್ರತಿ ಭಾನುವಾರ ಬ್ಯಾಕಪ್ ಹೋಗುತ್ತೆ. ಸೆಟಪ್ ಫೈಲ್‌ನ ಮೊದಲಲ್ಲೇ ಆ ಲೆಕ್ಕವನ್ನ ಕಾಮೆಂಟ್ ಆಗಿ ಬರೆದಿಟ್ಟಿದ್ದೀವಿ: ಎಷ್ಟು ಟ್ಯಾಂಕ್, ಎಷ್ಟು ಸಾಲು, ಎಷ್ಟು ಮೆಗಾಬೈಟ್, ಯಾವ ದಿನ ಹಾಕಿದ ಲೆಕ್ಕ. ಮುಂದಿನ ವರ್ಷ ಇದು ಜೂನಿಯರ್‌ಗಳ ಕೈಗೆ ಹೋಗುತ್ತೆ. ಹೊಸ ಬ್ಲಾಕ್ ಆದರೆ ಟ್ಯಾಂಕ್ ಹೆಚ್ಚುತ್ತೆ, ಬೆಲೆಗಳೂ ಬದಲಾಗಿರುತ್ತೆ. ಅವರು ಅದನ್ನ ಅಳಿಸಿ ತಮ್ಮ ಲೆಕ್ಕ ಬರೀಲಿ ಅಂತ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೀವಿ.